ಅಪ್ಪನ ಕಿವಿಗೆ ಬಿದ್ದ ಉಗಿ ಸರ್ಕಸ್ಸು

ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಎಳೆ ಎಣಿಸಿಕೊಂಡು, ಒಂದು ಬಿಟ್ಟು ಒಂದು ಹಾಕುತ್ತಾ ಮುಂದೆ ಹೋಗಬೇಕು. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದು, ಬಿಟ್ಟ ಜಾಗ ತುಂಬಬೇಕು. ಹೋಗುವಾಗ ಒಂದು ಎಳೆ ತಪ್ಪಿದರೂ ಹೊಲಿಯುತ್ತಿರುವ ಗೋಪುರದ ಚಿತ್ರ ಇಡೀ ಸೊಟ್ಟಗಾಗುತ್ತದೆ. ಬರುವಾಗ ಮಾತ್ರ ಎಣಿಸುವುದೇ ಬೇಡ. ದಾರಿ ಆಗಲೇ ಬಟ್ಟೆಯ ಮೇಲಿದೆ, ಕೈ ತಾನಾಗಿ ನಡೆಯುತ್ತದೆ, ಕಿವಿ ಖಾಲಿ ಇರುತ್ತದೆ.

ಹನ್ನೊಂದು ಗಂಟೆಯ ಒಂದು ಇಂಗ್ಲಿಷ್ ಆಡಿಯೋಬುಕ್ಕನ್ನು ನಾನು ಕೇಳಿ ಮುಗಿಸಿದ್ದು ಹೆಚ್ಚೂಕಡಿಮೆ ಈ ಬರುವ ದಾರಿಯಲ್ಲೇ. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಇಳಕಲ್ ಸೀರೆಯ ಸೆರಗನ್ನು ತೊಡೆಯ ಮೇಲೆ ಹರವಿಕೊಂಡು, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು. ಅದೊಂದು ಸ್ಟೀಮ್‌ಪಂಕ್ ಸರ್ಕಸ್ಸಿನ ಕಥೆ. ಸ್ವಲ್ಪ ಮಾಯ, ಒಂದು ಕೊಲೆ, ಒಬ್ಬಳು ಗಡಿಯಾರ ರಿಪೇರಿ ಮಾಡುವ ಹುಡುಗಿ. ಆ ಹುಡುಗಿಯೇ ಪತ್ತೇದಾರಿಣಿ. ಪುಸ್ತಕದ ಹೆಸರು ನಾನಿಲ್ಲಿ ಹೇಳುವುದಿಲ್ಲ. ಯಾಕಂದರೆ ಕೊಲೆ ಹೇಗಾಯಿತು ಅನ್ನೋದನ್ನೇ ಹೇಳದೆ ನನ್ನ ಅನುಭವ ಹೇಳಲು ಬರುವುದಿಲ್ಲ. ಇನ್ನೊಬ್ಬರ ಸುಖ ಕೆಡಿಸುವುದು ನನಗೆ ಬೇಡ.

ಸ್ಟೀಮ್‌ಪಂಕ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪೆಟ್ರೋಲು, ಕರೆಂಟು ಇವು ಲೋಕವನ್ನು ಗೆಲ್ಲಲೇ ಇಲ್ಲ, ಉಗಿಯೇ ಕೊನೆವರೆಗೂ ಆಳಿತು ಅಂತ ಅಂದುಕೊಳ್ಳಿ. ಆಗ ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳ ಆನೆ ನಡೆಯುತ್ತದೆ, ಬಾಯ್ಲರ್ ಹೊತ್ತ ವಿಮಾನ ಹಾರುತ್ತದೆ. ಆ ಹೆಸರನ್ನು ಕೊಟ್ಟವರು ಕೆ. ಡಬ್ಲ್ಯು. ಜೀಟರ್ ಎಂಬ ಅಮೆರಿಕದ ಲೇಖಕರು. 1987ರಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಒಂದು ಕಾಗದದಲ್ಲಿ ಅವರು ಆ ಪದ ಬಳಸಿದರು. ಕಥೆಗಳ ಬಗೆ ಹಳೆಯದು, ಹೆಸರು ಇತ್ತೀಚಿನದು.

ಉಗಿಗೂ ಸರ್ಕಸ್ಸಿಗೂ ಜೋಡಿ ಯಾಕೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನಾನು ತುಂಬಾ ದಿನ ಯೋಚಿಸಿದ್ದೇನೆ. ಎರಡೂ ಒಂದೇ ಕಾಲದಲ್ಲಿ ಬೆಳೆದವು ಅನ್ನೋದು ನನಗೆ ಸಿಕ್ಕ ಉತ್ತರ. ಫಿಲಿಪ್ ಆಸ್ಟ್ಲಿ ಎಂಬ ಕುದುರೆ ಸವಾರ ಲಂಡನ್ನಿನಲ್ಲಿ ಗುಂಡಗಿನ ಅಂಗಳದಲ್ಲಿ ಆಟ ತೋರಿಸಲು ಶುರು ಮಾಡಿದ್ದು 1768ರಲ್ಲಿ. ಜೇಮ್ಸ್ ವಾಟ್ ತನ್ನ ಸುಧಾರಿಸಿದ ಉಗಿ ಎಂಜಿನ್ನಿಗೆ ಪೇಟೆಂಟ್ ಪಡೆದದ್ದು 1769ರಲ್ಲಿ. ಬರೀ ಒಂದು ವರ್ಷದ ಅಂತರ. ಆಸ್ಟ್ಲಿಯ ಅಂಗಳದ ಅಡ್ಡಳತೆ ಕೊನೆಗೆ 42 ಅಡಿಗೆ ನಿಂತಿತು. ಇವತ್ತಿಗೂ ಸರ್ಕಸ್ ರಿಂಗಿನ ಅಳತೆ ಅದೇ. ಕುದುರೆ ಒಂದೇ ವೇಗದಲ್ಲಿ ಸುತ್ತು ಹಾಕುವಾಗ, ಅದರ ಬೆನ್ನ ಮೇಲೆ ನಿಂತವನು ಒಳಗೆ ವಾಲಿಕೊಂಡೂ ಬೀಳದೆ ಇರಲು ಆ ಅಡ್ಡಳತೆ ಹದವಾಗಿ ಕೂರುತ್ತದೆ.

ಈ 42 ಅಡಿಯ ಮಾತು ಕೇಳಿ ಅಪ್ಪ ಮೊದಲ ಸಲ ಕಥೆಯ ಕಡೆ ತಿರುಗಿದರು. ಆದರೆ ಅಪ್ಪ ಹೇಗೆ ಸೇರಿಕೊಂಡರು ಅಂತ ಹೇಳುವ ಮೊದಲು, ನಾನು ಒಬ್ಬಳೇ ಕೇಳಲು ಹೋಗಿ ಮೂರು ಸಲ ಬಿಟ್ಟ ಕಥೆ ಹೇಳಬೇಕು.

ಮೊದಲ ಸಲ ರೊಟ್ಟಿ ಬಡಿಯುತ್ತಾ ಕೇಳಿದೆ. ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರ ಮಾತೇ ಕೇಳಿಸುವುದಿಲ್ಲ, ಇನ್ನು ಕಥೆಯಲ್ಲಿ ಒಬ್ಬ ಪಿಸುಗುಟ್ಟಿದ್ದು ಎಲ್ಲಿ ಕೇಳಿಸೀತು? ಎರಡನೇ ಸಲ ಬೇಗ ಮುಗಿಯಲಿ ಅಂತ ವೇಗವನ್ನು 1.25ಕ್ಕೆ ಏರಿಸಿದೆ. ಮಾತೇನೋ ತಿಳಿಯುತ್ತಿತ್ತು. ಆದರೆ ಓದುವವರು ಬೇಕಂತಲೇ ಬಿಟ್ಟ ಮೌನಗಳೆಲ್ಲ ಚಿಕ್ಕದಾದವು. ಪತ್ತೇದಾರಿ ಕಥೆಯಲ್ಲಿ ಒಬ್ಬ ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ತಡೆದ ಅನ್ನೋದೇ ಅರ್ಧ ಸಾಕ್ಷಿ. ಆಮೇಲೆ ನಾನು ವೇಗವನ್ನು ಒಂದರಿಂದ ಮೇಲೆ ಏರಿಸಲೇ ಇಲ್ಲ. ಬೇರೆ ಪುಸ್ತಕ ಹೇಗಾದರೂ ಕೇಳಿ, ಪತ್ತೇದಾರಿ ಕಥೆಯನ್ನು ಮಾತ್ರ ಅದರ ನಡಿಗೆಯಲ್ಲೇ ಕೇಳಿ.

ಮೂರನೇ ಸಲ ನನ್ನನ್ನು ಸೋಲಿಸಿದ್ದು ಹೆಸರುಗಳು. ಕಾಗದದ ಪುಸ್ತಕದಲ್ಲಿ ಹೆಸರು ಮರೆತರೆ ಹಿಂದಿನ ಹಾಳೆ ತಿರುವಬಹುದು. ಇಲ್ಲಿ ತಿರುವಲು ಹಾಳೆ ಇಲ್ಲ. ಕಥೆಯಲ್ಲಿ ಹೆನ್ರಿ ಅಂತ ಒಬ್ಬ, ಎನ್ರಿ ಅಂತ ಇನ್ನೊಬ್ಬ ಇದ್ದಾರೆ ಅಂತ ನಾನು ಎರಡು ಅಧ್ಯಾಯ ಅಂದುಕೊಂಡಿದ್ದೆ. ಹಾಗೇನಿರಲಿಲ್ಲ. ಲಂಡನ್ನಿನ ಪೂರ್ವ ಭಾಗದ ಬಡ ಜನರ ಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುತ್ತದೆ. ಡೇರೆ ಕಟ್ಟುವ ಆಳುಗಳು ಅವನನ್ನು ಎನ್ರಿ ಅಂತಿದ್ದರು, ದೊಡ್ಡ ಮನುಷ್ಯರು ಹೆನ್ರಿ ಅಂತಿದ್ದರು. ಮಂಡ್ಯದ ಕಡೆ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ ಅಲ್ವಾ, ಹಾಗೇ. ಇದು ಹೊಳೆದ ದಿನ ಹಳೆ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದೆ. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆಯಲು ನಮ್ಮ ಲಿಪಿಯಷ್ಟು ಅನುಕೂಲ ಯಾವುದೂ ಇಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಕಾಗುಣಿತ ಯಾವುದು ಅಂತ ಕೈ ನಿಲ್ಲುತ್ತದೆ, ಅಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತದೆ. ಪ್ರತಿ ಹೆಸರಿನ ಮುಂದೆ ದನಿಯ ಗುರುತನ್ನೂ ಬರೆದೆ. ಒಬ್ಬನ ಮುಂದೆ ‘ಗಂಟಲು ಕಟ್ಟಿದಂತೆ’, ಒಬ್ಬಳ ಮುಂದೆ ‘ಮಾತಿನ ಕೊನೆ ಎಳೆಯುತ್ತಾಳೆ’, ಉಗಿ ವಾದ್ಯ ಬಾರಿಸುವವನ ಮುಂದೆ ‘ತುಂಬಾ ಮೆತ್ತಗೆ’.

ಆ ಹಾಳೆ ಗೋಡೆಗೆ ಬಂದ ಮೇಲೆ ಕಥೆ ನನ್ನ ಹಿಡಿತಕ್ಕೆ ಬಂತು.

ಅಪ್ಪ ಹುಬ್ಬಳ್ಳಿ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು. ಮೀಟರ್ ಗೇಜ್ ಕಾಲ. ವೈಪಿ, ವೈಜಿ ಎಂಜಿನ್ನುಗಳ ಬೆಂಕಿ ಬಾಯಿಗೆ ಕಲ್ಲಿದ್ದಲು ಹಾಕಿ ಹಾಕಿ ಅವರ ಬಲ ಭುಜ ಈಗಲೂ ಎಡಕ್ಕಿಂತ ದಪ್ಪ. ನಾನು ಈ ಕಥೆ ಕೇಳುತ್ತಿದ್ದ ದಿನಗಳಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಕಾಯುತ್ತಿದ್ದರು. ಪೇಪರ್ ಓದದೆ ಅವರ ಬೆಳಗು ಆಗುವುದಿಲ್ಲ. ಈಗ ಓದಲು ಆಗುತ್ತಿಲ್ಲ. ಹೊತ್ತು ಹೋಗದೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ನನಗೆ ನೋಡಿ ಸಂಕಟವಾಗುತ್ತಿತ್ತು. ಒಂದು ಸಂಜೆ ಇಯರ್‌ಫೋನ್ ಕಿತ್ತು, ಕಥೆಯನ್ನು ಸ್ಪೀಕರಿನಲ್ಲಿ ಹಾಕಿದೆ.

ಅಪ್ಪನಿಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ. ರೈಲ್ವೆಯ ಇಂಗ್ಲಿಷ್ ಅಷ್ಟೇ ಗೊತ್ತು. ಅದಕ್ಕೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಹತ್ತು ನಿಮಿಷ ಕೇಳುವುದು, ನಿಲ್ಲಿಸುವುದು, ನಾನು ಕನ್ನಡದಲ್ಲಿ ಹೇಳುವುದು. ಇದು ನಮಗೆ ಹೊಸದೇನಲ್ಲ. ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತದೆ. ಒಬ್ಬರು ರಾಗವಾಗಿ ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಪದ್ಯ ಅರ್ಥವಾಗದಿದ್ದರೂ ರಾಗದಲ್ಲೇ ಇದು ಅಳುವ ಕಡೆ, ಇದು ಕಾಳಗದ ಕಡೆ ಅಂತ ಕೂತವರಿಗೆ ತಿಳಿದುಹೋಗಿರುತ್ತದೆ. ಅಪ್ಪನೂ ಹಾಗೇ ಕೇಳಿದರು. ನಾನು ಅರ್ಥ ಹೇಳುವ ಮೊದಲೇ, ‘ಈ ಮನಶಾ ಸುಳ್ಳ ಹೇಳಾಕತ್ತಾನ’ ಅನ್ನುತ್ತಿದ್ದರು. ಎಷ್ಟೋ ಸಲ ಅದು ಸರಿ ಇರುತ್ತಿತ್ತು.

ಸ್ಪೀಕರಿನ ವಿಷಯದಲ್ಲಿ ಒಂದು ಮಾತು. ಸದ್ದು ಜಾಸ್ತಿ ಆಗಲಿ ಅಂತ ಮೊದಲು ಫೋನನ್ನು ಸ್ಟೀಲ್ ಡಬ್ಬಿಯೊಳಗೆ ಇಟ್ಟೆ. ಹಾಡಿಗೆ ಅದು ಆಗಬಹುದು, ಮಾತಿಗೆ ಆಗುವುದಿಲ್ಲ. ಗುಂಯ್ ಅಂತ ಮೊಳಗಿ ಒಂದು ಪದ ಇನ್ನೊಂದರ ಮೇಲೆ ಬೀಳುತ್ತದೆ. ಆಮೇಲೆ ಮರದ ಮಣೆಯ ಮೇಲೆ, ಗೋಡೆಯ ಮೂಲೆಗೆ ತಾಗಿಸಿ ಇಟ್ಟೆ. ಸದ್ದು ಅಷ್ಟೇ ಇದ್ದರೂ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸಿತು. ಫ್ಯಾನ್ ಒಂದಕ್ಕೆ ಇಳಿಸಬೇಕು, ಅಷ್ಟೇ.

ಇಡೀ ಕಥೆಯನ್ನು ಓದಿದ್ದು ಒಬ್ಬರೇ. ಹಿಂದೆ ವಾದ್ಯವಿಲ್ಲ, ಬಾಗಿಲು ಕಿರುಗುಟ್ಟುವ ಸದ್ದಿಲ್ಲ. ಸರ್ಕಸ್ಸಿನ ಕಥೆಗೆ ಬ್ಯಾಂಡು ಇಲ್ಲದಿದ್ದರೆ ಹೇಗೆ ಅಂತ ನನಗೆ ಮೊದಲು ಅನಿಸಿತ್ತು. ಕೇಳುತ್ತಾ ಹೋದ ಹಾಗೆ, ಇಲ್ಲದ್ದೇ ಒಳ್ಳೆಯದು ಅಂತ ಗೊತ್ತಾಯಿತು. ಜೂಲ್ಸ್ ಲಿಯೊಟಾರ್ಡ್ ಎಂಬ ಫ್ರಾನ್ಸಿನ ಸರ್ಕಸ್ ಆಟಗಾರ 1859ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಒಂದು ಟ್ರಪೀಜಿನಿಂದ, ಅಂದರೆ ಮೇಲೆ ಹಗ್ಗಕ್ಕೆ ತೂಗುಬಿಟ್ಟ ಕೋಲಿನಿಂದ, ಇನ್ನೊಂದಕ್ಕೆ ಹಾರಿದ. ನಮ್ಮ ಕಥೆಯಲ್ಲೂ ಅಂಥ ಒಂದು ಹಾರಾಟ ಬರುತ್ತದೆ. ಓದುವವರು ಅಲ್ಲಿ ವಾಕ್ಯವನ್ನು ಉಸಿರು ತೆಗೆದುಕೊಳ್ಳದೆ ಓದಿದರು. ಕೈ ಬಿಟ್ಟದ್ದಕ್ಕೂ ಎದುರಿನ ಕೈ ಸಿಕ್ಕಿದ್ದಕ್ಕೂ ನಡುವೆ ಒಂದೇ ಒಂದು ಮೌನ. ನನ್ನ ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತ್ತು. ಅಲ್ಲಿ ಡೋಲು ಬಡಿದಿದ್ದರೆ ಆ ಮೌನ ಸಿಗುತ್ತಿರಲಿಲ್ಲ.

ಕಥೆಯ ಪ್ರಾಣಿಗಳೆಲ್ಲ ಹಿತ್ತಾಳೆಯವು. ಎದೆಯೊಳಗೆ ತಿದಿ ಇಟ್ಟುಕೊಂಡು ಗುರುಗುಟ್ಟುವ ಹುಲಿಯೊಂದಿದೆ. ಅದರ ವರ್ಣನೆ ಬಂದಾಗ ನನಗೆ ನೆನಪಾದದ್ದು ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ತೆಗೆದುಕೊಂಡು ಹೋದದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮರದ ಹುಲಿ, ಕೆಳಗೆ ಬಿದ್ದ ಯುರೋಪಿನ ಸಿಪಾಯಿ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳಿಗೆ ಗಾಳಿ ತುಂಬಿ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ನೂ ಇದೆ. ಸ್ಟೀಮ್‌ಪಂಕ್ ಕಲ್ಪಿಸಿಕೊಳ್ಳುವ ಯಂತ್ರ ಪ್ರಾಣಿಗೆ ಹತ್ತಿರದ ಅಣ್ಣ ನಮ್ಮ ಮೈಸೂರು ಸೀಮೆಯಲ್ಲೇ ಹುಟ್ಟಿದ್ದು ಅಂತ ಹೇಳಿದಾಗ ಅಪ್ಪ ತುಂಬಾ ಹೊತ್ತು ಅದರ ಬಗ್ಗೆಯೇ ಕೇಳಿದರು. ತಿದಿ ಎಷ್ಟು, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ.

ಹಿತ್ತಾಳೆಯ ಪ್ರಾಣಿ ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಚಿಕ್ಕವಳಿದ್ದಾಗ ಊರಿಗೆ ಬಂದ ಸರ್ಕಸ್ಸಿನಲ್ಲಿ ನಾನು ಸಿಂಹ ನೋಡಿದ್ದೆ. ಅದು ಸ್ಟೂಲಿನ ಮೇಲೆ ಕೂತು ಎತ್ತಲೋ ನೋಡುತ್ತಿತ್ತು. ಆ ನೋಟ ನನಗೆ ಇನ್ನೂ ಮರೆತಿಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಬಳಸಬಾರದು ಅಂತ ಆದೇಶ ಮಾಡಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಥೆಯಲ್ಲಿ ಹಿತ್ತಾಳೆಯ ಸಿಂಹ ಬೆಂಕಿ ಬಳೆಯೊಳಗೆ ಹಾರಿದಾಗ ನಾನು ಮನಸ್ಸು ಬಿಚ್ಚಿ ಖುಷಿಪಟ್ಟೆ.

ಈಗ ಕೊಲೆಗೆ ಬರುತ್ತೇನೆ.

ಆಟ ಮುಗಿದು ಜನ ಹೊರಗೆ ಹೋಗುವಾಗ ಸರ್ಕಸ್ಸಿನ ಯಜಮಾನ ತನ್ನ ಬಂಡಿಯಲ್ಲಿ ಸತ್ತು ಬಿದ್ದಿರುತ್ತಾನೆ. ಎಲ್ಲರ ಮೇಲೂ ಅನುಮಾನ, ಒಬ್ಬನ ಮೇಲೆ ಬಿಟ್ಟು. ಉಗಿ ವಾದ್ಯ ಬಾರಿಸುವವನು. ಯಾಕಂದರೆ ಆ ಹೊತ್ತಿನಲ್ಲಿ ವಾದ್ಯ ನಿಂತೇ ಇಲ್ಲ. ಇಡೀ ಮೈದಾನ ಕೇಳಿದೆ. ಬಾರಿಸುತ್ತಾ ಕೂತವನು ಕೊಲೆ ಮಾಡಲು ಹೋಗುವುದು ಹೇಗೆ?

ಈ ಉಗಿ ವಾದ್ಯ ಲೇಖಕರ ಕಲ್ಪನೆ ಅಂತ ನಾನು ಅಂದುಕೊಂಡಿದ್ದೆ. ನಿಜವಾಗಿ ಇತ್ತು. ಕ್ಯಾಲಿಯೋಪಿ ಅದರ ಹೆಸರು. ಗ್ರೀಕರ ಕಾವ್ಯ ದೇವತೆಯ ಹೆಸರದು, ಇಂಪಾದ ದನಿಯವಳು ಅಂತ ಅರ್ಥ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನ ಜೋಶುವಾ ಸ್ಟಾಡರ್ಡ್ 1855ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಾಯ್ಲರಿನ ಮೇಲೆ ಸಾಲಾಗಿ ರೈಲಿನ ಸೀಟಿಗಳು. ಒಂದೊಂದು ಸೀಟಿಗೂ ಒಂದೊಂದು ಸ್ವರ. ವಾಲ್ವ್ ತೆರೆದರೆ ಉಗಿ ನುಗ್ಗಿ ಸೀಟಿ ಕೂಗುತ್ತದೆ. ಸರ್ಕಸ್ಸಿನವರು ಇದನ್ನು ಗಾಡಿಯ ಮೇಲೆ ಕೂರಿಸಿ ಮೆರವಣಿಗೆಯ ಕೊನೆಯಲ್ಲಿ ಎಳೆಸುತ್ತಿದ್ದರು. ದನಿ ಮೈಲಿಗಟ್ಟಲೆ ದೂರ ಹೋಗುತ್ತಿತ್ತು.

ಒಂಬತ್ತನೇ ಅಧ್ಯಾಯದಲ್ಲಿ ಪತ್ತೇದಾರಿ ಹುಡುಗಿ ಆ ರಾತ್ರಿ ಮೈದಾನದಲ್ಲಿದ್ದ ಮೂವರನ್ನು ಒಬ್ಬೊಬ್ಬರಾಗಿ ಮಾತಾಡಿಸುತ್ತಾಳೆ. ಕಡಲೆ ಮಾರುವವಳು, ಟಿಕೆಟ್ ಹರಿಯುವವನು, ಒಬ್ಬ ಪೊಲೀಸು. ನಾನು ಆಗ ಗವಂತಿಯ ವಾಪಸ್ ದಾರಿಯಲ್ಲಿದ್ದೆ. ಟಿಕೆಟಿನವನು ಹೇಳುತ್ತಿದ್ದಾಗ ನನಗೆ ಥಟ್ಟನೆ ಅನುಮಾನ ಬಂತು. ಇದನ್ನು ಆಗಲೇ ಕೇಳಿದೆನಲ್ಲ? ಬೆರಳು ತಾಗಿ ಕಥೆ ಹಿಂದಕ್ಕೆ ಹೋಯಿತೇನೋ ಅಂತ ಫೋನ್ ನೋಡಿದೆ. ಇಲ್ಲ, ಸಮಯ ಮುಂದೆಯೇ ಓಡುತ್ತಿದೆ. ಮೂವತ್ತು ಸೆಕೆಂಡ್ ಹಿಂದೆ ಹೋಗುವ ಗುಂಡಿಯನ್ನು ಐದಾರು ಸಲ ಒತ್ತಿ ಕಡಲೆಯವಳ ಮಾತಿಗೆ ಹೋದೆ. ಅವಳು ಹೇಳಿದ್ದೂ ಅದೇ: ಹಾಡಿನ ಎರಡನೇ ಸಾಲಿನಲ್ಲಿ ಒಂದು ಸ್ವರ ಎಡವಿತು. ಟಿಕೆಟಿನವನು ಹೇಳಿದ್ದೂ ಅದೇ ಸಾಲು, ಅದೇ ಸ್ವರ. ಆದರೆ ಅವಳು ಕೇಳಿದ್ದು ಜನ ಎದ್ದಾಗ, ಅವನು ಕೇಳಿದ್ದು ಗೇಟು ಮುಚ್ಚುವಾಗ. ಹಾಡು ಸುತ್ತಿ ಸುತ್ತಿ ಬಂದಿದೆ, ತಪ್ಪೂ ಅದೇ ಜಾಗದಲ್ಲಿ ಬಂದಿದೆ.

ಕಣ್ಣಲ್ಲಿ ಓದಿದ್ದರೆ, ಹೇಳಿದ್ದೇ ಹೇಳುತ್ತಾರೆ ಅಂತ ನಾನು ಆ ಸಾಲನ್ನು ದಾಟಿಹೋಗುತ್ತಿದ್ದೆನೋ ಏನೋ. ಕಿವಿ ದಾಟಿಹೋಗಲು ಬಿಡಲಿಲ್ಲ. ಬಾಗಿಲ ಸದ್ದು ಎರಡು ಸಲ ಆದರೆ ಯಾರು ಬಂದರು ಅಂತ ಕಿವಿ ತಾನಾಗಿ ಕೇಳುತ್ತದೆ, ಹಾಗೆ.

ಇದನ್ನೆಲ್ಲ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಪೊಲೀಸನ ಮಾತನ್ನೂ ಹೇಳಿದೆ. ನಡುವೆ ಸ್ವಲ್ಪ ಹೊತ್ತು ಹಾಡು ಸೊರಗಿತ್ತು, ದನಿ ಕೆಳಗೆ ಜಾರಿತ್ತು, ಆಮೇಲೆ ಮತ್ತೆ ಜೋರಾಯಿತು ಅಂತ ಅವನ ಹೇಳಿಕೆ. ಯಜಮಾನನ ಆತ್ಮ ಹೋದದ್ದಕ್ಕೆ ವಾದ್ಯವೂ ಅತ್ತಿತು ಅಂತ ಸರ್ಕಸ್ಸಿನವರೆಲ್ಲ ನಂಬಿದ್ದರು. ಮಾಯದ ಕಥೆಯಲ್ಲವೇ, ನಾನೂ ಅದನ್ನೇ ನಂಬಿದ್ದೆ.

ಅಪ್ಪ ನಂಬಲಿಲ್ಲ. ‘ಇನ್ನೊಮ್ಮೆ ಹಚ್ಚು’ ಅಂದರು.

ಹಚ್ಚಿದೆ. ಪೊಲೀಸನ ಮಾತು ಬರುವಾಗ ಓದುವವರು ದನಿಯನ್ನು ನಿಜವಾಗಿಯೂ ನಿಧಾನಕ್ಕೆ ಇಳಿಸಿದ್ದರು. ಆಮೇಲೆ ಮೆಲ್ಲಗೆ ಏರಿಸಿದ್ದರು. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಬಲಗೈ ಬೆರಳುಗಳು ಮೊಣಕಾಲಿನ ಮೇಲೆ ಮಡಚಿದ್ದವು, ಸಲಿಕೆಯ ಹಿಡಿ ಹಿಡಿದ ಹಾಗೆ.

‘ಯವ್ವಾ, ಅದು ಅಳೂದಲ್ಲ. ಉಗಿ ಇಳದೈತಿ. ಬೆಂಕಿ ಹತ್ರ ಯಾರೂ ಇಲ್ಲ.’

ನಾನು ಸೂಜಿ ಕೆಳಗಿಟ್ಟೆ.

‘ಒಂದ ಸೀಟಿ ಉದ್ದಕ ಹೊಡದ್ರ ಗೇಜಿನ ಮುಳ್ಳು ಅಲ್ಲಾಡತೈತಿ. ಅಲ್ಲೆ ಸಾಲಿಗೆ ಸಾಲು ಸೀಟಿ ಅದಾವಂತೀ. ಅಷ್ಟು ಉಗಿ ತಿನ್ನೂ ಮಷೀನಿಗೆ ಒಬ್ಬಾಂವ ಮ್ಯಾಲಿಂದ ಮ್ಯಾಲೆ ಇದ್ದಲಿ ಹಾಕಬೇಕು, ನೀರು ನೋಡಬೇಕು. ಬಾರ್ಸಾಂವನ ಬೆಂಕಿನೂ ನೋಡತಿದ್ನಂದ್ರ, ಉಗಿ ಇಳದ ಹೊತ್ತಿನ್ಯಾಗ ಅಂವ ಅಲ್ಲಿಲ್ಲ. ಎದ್ದು ಹೋಗ್ಯಾನ. ಬಂದು ಮತ್ತ ಇದ್ದಲಿ ಹಾಕ್ಯಾನ, ಜೋರಾತು.’

‘ಹಂಗಾದ್ರ ಬಾರಿಸಿದ್ದು ಯಾರು?’ ಅಂದೆ.

‘ಅದನ್ನ ನೀ ಹೇಳು. ತಪ್ಪು ಅದ ಜಾಗಾದಾಗ ಬಂತಂದಿ.’

ಅವತ್ತು ರಾತ್ರಿ ನಾವು ಮುಂದಿನ ಅಧ್ಯಾಯ ಹಾಕಲಿಲ್ಲ. ಇಬ್ಬರೂ ಸೇರಿ ಅದನ್ನು ಬಿಡಿಸಿದೆವು. ಮನುಷ್ಯ ತಪ್ಪು ಮಾಡಿದರೆ ಪ್ರತಿ ಸಲ ಬೇರೆ ಬೇರೆ ಕಡೆ ಮಾಡುತ್ತಾನೆ. ಅದೇ ಜಾಗದಲ್ಲಿ ಅದೇ ತಪ್ಪು ಬರುತ್ತದೆ ಅಂದರೆ ಅದು ಯಂತ್ರ. ಸಂಗೀತದ ಪೆಟ್ಟಿಗೆಯಲ್ಲಿ ಮೊಳೆ ಚುಚ್ಚಿದ ಉರುಳೆ ಸುತ್ತುತ್ತದಲ್ಲ, ಹಾಗೆ ಒಂದು ಉರುಳೆ, ಒಂದು ಮೊಳೆ ಸೊಟ್ಟ. ನಾಲ್ಕು ಅಧ್ಯಾಯ ಆದಮೇಲೆ ಗಡಿಯಾರದ ಹುಡುಗಿ ವಾದ್ಯದ ಹಿಂಬದಿಯ ಹಲಗೆ ಬಿಚ್ಚಿ ಆ ಉರುಳೆಯನ್ನು ಹೊರಗೆ ತೆಗೆದಳು. ಅಪ್ಪ ಏನೂ ಮಾತಾಡಲಿಲ್ಲ. ಮುಖ ಮಾತ್ರ ಬೆಳಗಿತ್ತು.

ಆಮೇಲೆ ನಾನು ಹುಡುಕಿ ನೋಡಿದೆ. ಸ್ಟಾಡರ್ಡ್ ಮಾಡಿದ ಮೊದಲ ಕ್ಯಾಲಿಯೋಪಿ ನಡೆಯುತ್ತಿದ್ದುದೇ ಮೊಳೆಗಳಿದ್ದ ಉರುಳೆಯಿಂದ. ಬೆರಳಿನಿಂದ ಬಾರಿಸುವ ಕೀಲಿಮಣೆ ಬಂದದ್ದು ಆಮೇಲೆ. ಅಂದರೆ ಕಥೆಯ ಗುಟ್ಟು ಗಾಳಿಯಲ್ಲಿ ಕಟ್ಟಿದ್ದಲ್ಲ, ಆ ವಾದ್ಯದ ಹುಟ್ಟಿನಲ್ಲೇ ಇತ್ತು. ಉಗಿಯ ಒತ್ತಡ, ಬಿಸಿ ಬದಲಾದರೆ ಸೀಟಿಯ ಸ್ವರ ಜಾರುತ್ತದೆ ಅನ್ನೋದೂ ನಿಜ. ಅದಕ್ಕೇ ಕ್ಯಾಲಿಯೋಪಿಯನ್ನು ಶ್ರುತಿಯಲ್ಲಿ ಇಡುವುದು ಬಹಳ ಕಷ್ಟ. ನ್ಯೂ ಆರ್ಲಿಯನ್ಸ್‌ನಲ್ಲಿ ನ್ಯಾಚೆಜ್ ಎಂಬ ಉಗಿ ದೋಣಿಯ ಮೇಲೆ 32 ಸ್ವರಗಳ ಕ್ಯಾಲಿಯೋಪಿಯನ್ನು ಈಗಲೂ ಬಾರಿಸುತ್ತಾರೆ. ಅದರ ರೆಕಾರ್ಡಿಂಗ್ ಹಾಕಿ ಅಪ್ಪನಿಗೆ ಕೇಳಿಸಿದೆ. ಒಂದೊಂದು ಸ್ವರದ ಹಿಂದೆಯೂ ಉಸ್ ಅನ್ನುವ ಉಗಿಯ ಉಸಿರು. ‘ಇದ ಖರೇ ಉಗಿ’ ಅಂದರು. ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಸರ್ಕಸ್ಸಿನಲ್ಲಿ ಕೇಳಿಸುವುದು ಒಂದು, ನಡೆಯುವುದು ಇನ್ನೊಂದು. ಇದಕ್ಕೆ ನನಗೆ ತುಂಬಾ ಹಿಡಿಸಿದ ನಿಜವಾದ ಉದಾಹರಣೆ ಜಾಜೆಲ್ ಎಂಬ ಹುಡುಗಿ. 1877ರಲ್ಲಿ ಲಂಡನ್ನಿನ ರಾಯಲ್ ಅಕ್ವೇರಿಯಮ್ಮಿನಲ್ಲಿ ಅವಳನ್ನು ಫಿರಂಗಿಯೊಳಗೆ ಕೂರಿಸಿ ಹಾರಿಸಿದರು. ಢಂ ಅಂತ ಸದ್ದು, ಹೊಗೆ. ಮದ್ದೇ ಅವಳನ್ನು ಹಾರಿಸಿತು ಅಂತ ನೋಡಿದವರು ನಂಬಿದರು. ಅವಳನ್ನು ಎಸೆದದ್ದು ಒಳಗಿನ ಸ್ಪ್ರಿಂಗು, ಸದ್ದು ಬೇರೆಯೇ. ಅದೇ ವರ್ಷ ಎಡಿಸನ್ ಫೋನೋಗ್ರಾಫ್ ಮಾಡಿ ಮನುಷ್ಯನ ದನಿಯನ್ನು ಮೊದಲ ಸಲ ಹಿಡಿದು ಮತ್ತೆ ಕೇಳಿಸಿದ. ನಾವಿಬ್ಬರೂ ಮರದ ಮಣೆಯ ಮೇಲಿಟ್ಟ ಫೋನಿನಲ್ಲಿ ಯಾರದೋ ದನಿಯಲ್ಲಿ ಕಥೆ ಕೇಳುವುದರ ಮೊದಲ ತುದಿಯೂ ಆ ಕಾಲದಲ್ಲೇ ಇದೆ.

ಮಾಯ ಇರುವ ಕಥೆಯಲ್ಲಿ ಪತ್ತೇದಾರಿಕೆ ನ್ಯಾಯವಾಗಿ ನಡೆಯುತ್ತದಾ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಮಾಟದಿಂದ ಕೊಂದ ಅಂದುಬಿಟ್ಟರೆ ಮುಗಿಯಿತಲ್ಲ ಅಂತ. ಒಳ್ಳೆಯ ಕಥೆ ಹಾಗೆ ಮಾಡುವುದಿಲ್ಲ. ಮಾಯ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ಮೊದಲಿಗೇ ಹೇಳಿಬಿಡುತ್ತದೆ. ನಮ್ಮ ಕಥೆಯಲ್ಲಿ ಎರಡನೇ ಅಧ್ಯಾಯದಲ್ಲೇ ಒಂದು ಮಾತು ಬಂದಿತ್ತು: ಮಾಯ ಜೀವ ಇರುವುದರ ಮೇಲೆ ಮಾತ್ರ ನಡೆಯುತ್ತದೆ, ಲೋಹದ ಮೇಲೆ ನಡೆಯುವುದಿಲ್ಲ. ಆಗ ನಾನು ಹೊಸ ಗೋಪುರದ ಎಳೆ ಎಣಿಸುತ್ತಿದ್ದೆ, ಆ ಮಾತು ಕಿವಿಗೆ ಬೀಳಲೇ ಇಲ್ಲ. ಬಿದ್ದಿದ್ದರೆ ವಾದ್ಯ ಅತ್ತಿತು ಅಂತ ನಂಬುತ್ತಿರಲಿಲ್ಲ. ಈಗ ನಾನು ಇಂಥ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಸುಮ್ನೆ ಕೂತು ಕೇಳುತ್ತೇನೆ. ಆಮೇಲೆ ಗವಂತಿಯ ವಾಪಸ್ ದಾರಿ, ಇಲ್ಲಾ ಕಾಳು ಹಸನು ಮಾಡುವ ಕೆಲಸ. ಹೊಸ ಚಿತ್ರ ಶುರು ಮಾಡುವಾಗ ಕಥೆ ಬಂದ್.

ರಾತ್ರಿ ಮಲಗಿ ಕೇಳುವವರಿಗೂ ಒಂದು ಮಾತು. ಹದಿನೈದು ನಿಮಿಷದ ಟೈಮರ್ ಇಟ್ಟುಕೊಳ್ಳಿ, ಮರುದಿನ ಹತ್ತು ನಿಮಿಷ ಹಿಂದಿನಿಂದ ಶುರು ಮಾಡಿ. ನಿದ್ದೆಯಲ್ಲಿ ಕೇಳಿದ ಸುಳಿವು ಕನಸಿನೊಳಗೆ ಬೆರೆತುಹೋಗುತ್ತದೆ.

ಇಡೀ ಪುಸ್ತಕ ಮುಗಿಯಲು ನಮಗೆ ಐದು ವಾರ ಹಿಡಿಯಿತು. ಅಷ್ಟರಲ್ಲಿ ಸೆರಗೂ ಮುಗಿದಿತ್ತು. ಸಾಲು ಗೋಪುರ, ನಡುವೆ ತೇರು, ಕೆಳಗೆ ಆನೆಗಳು. ಕಸೂತಿಯಲ್ಲಿ ಬಾಗಿದ ಗೆರೆ ಇಲ್ಲ. ನೇರ, ಅಡ್ಡ, ಓರೆ ಅಷ್ಟೇ. ತೇರಿನ ಚಕ್ರವನ್ನೂ ಎಂಟು ಮೂಲೆ ಮಾಡಿಯೇ ಹಾಕಬೇಕು. ಒಂದು ಆನೆಯ ಹೊಟ್ಟೆಯಲ್ಲಿ ನಾನು ಆ ಎಂಟು ಮೂಲೆಯ ಚಕ್ರ ಒಂದನ್ನು ಹಾಕಿದ್ದೇನೆ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ.

ಅಪ್ಪನ ಎರಡನೇ ಕಣ್ಣಿನ ಆಪರೇಷನ್ನೂ ಆಯಿತು. ಹನಿ ಹಾಕುವುದು ಮುಗಿದ ಮೇಲೆ ನಾನು ಅವರಿಗೆ ಮೊದಲು ತೋರಿಸಿದ್ದು ಫ್ರಾನ್ಸಿನ ನಾಂತ್ ಊರಿನ ದೊಡ್ಡ ಆನೆಯ ವಿಡಿಯೋ. ಮರ ಮತ್ತು ಉಕ್ಕಿನಿಂದ ಮಾಡಿದ 12 ಮೀಟರ್ ಎತ್ತರದ ಯಂತ್ರ. 2007ರಿಂದ ಜನರನ್ನು ಹೊತ್ತು ನಡೆಯುತ್ತಿದೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತದೆ. ಅಪ್ಪ ಅದರ ಕಾಲಿನ ಕೀಲುಗಳನ್ನೇ ನೋಡಿದರು. ಎರಡು ಸಲ ನೋಡಿ ಫೋನ್ ವಾಪಸ್ ಕೊಟ್ಟರು.

‘ಚಲೋ ಐತಿ. ಈಗ ಆ ಒಂಬತ್ತನೇದು ಹಚ್ಚು.’

ಹಚ್ಚಿದೆ. ಈಗ ಚೆನ್ನಾಗಿ ಕಾಣುವ ಎರಡೂ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು. ಕಡಲೆಯವಳ ಮಾತು ಮುಗಿಯಿತು, ಟಿಕೆಟಿನವನದು ಮುಗಿಯಿತು, ಪೊಲೀಸು ಶುರು ಮಾಡಿದ. ಓದುವವರ ದನಿ ಇಳಿಯಲು ಇನ್ನೂ ಒಂದು ವಾಕ್ಯ ಇರುವಾಗಲೇ ಅಪ್ಪ ತೋರುಬೆರಳು ಮೇಲೆತ್ತಿ ಹಿಡಿದರು.